ಹದಿನೇಳು

ಓಯಿಸ್ಟಿನ್ಸ್ ಮೀನುಪೇಟೆಯಲ್ಲಿ ಶುಕ್ರವಾರದ ಹೊತ್ತು ಇಳಿದರೆ
ಎರಡೇ ಸದ್ದು: ಡಾಮಿನೋ ಬಿಲ್ಲೆ ಮೇಜಿಗೆ ಬಡಿಯುವುದು,
ಗ್ರಾಂಟ್ಲಿಯ ಗಂಟಲು.
"ಸೋಬರ್ಸ್. ಮುಂದೆ ಮಾತಿಲ್ಲ," ಅನ್ನುತ್ತಾನೆ,
ಅಂದಮೇಲೆ ಒಂದು ಗಂಟೆ ಮಾತಾಡುತ್ತಾನೆ.

ನಾನು ಬ್ರಿಜ್‌ಟೌನ್ ದಾರಿಯಲ್ಲಿ ಬಸ್ಸು ಓಡಿಸಿ ದಣಿದವನು.
ರಜೆಯ ದಿನವೆಲ್ಲ ಬಿಸಿಲ ಬದಿಯಲ್ಲಿ ಕೂತು
ಮೂವತ್ತೊಂದು ನೋಟ್‌ಬುಕ್ಕು ತುಂಬಿಸಿದ್ದೇನೆ,
ರನ್ನಿಗೆ ಅಂಕಿ, ಬರಿಯ ಚೆಂಡಿಗೆ ಚುಕ್ಕೆ.
ಯಾರು ದೊಡ್ಡವರೆಂದರೆ ಸರಾಸರಿ ಹೇಳುತ್ತೇನೆ.
ಗ್ರಾಂಟ್ಲಿ ಉಗಿಯುತ್ತಾನೆ:
"ಊಟ ಹೇಗಿತ್ತು ಅಂದರೆ ತಟ್ಟೆಯ ತೂಕ ಹೇಳ್ತೀಯಲ್ಲೋ!"

ಡಕೋಸ್ಟನ ಹೆಂಡತಿ ಆಂಟಿಗಾದವಳು. ಅವನಿಗೆ ರಿಚರ್ಡ್ಸ್.
ಹೊಡೆತ ಆಮೇಲೆ, ಮೊದಲು ಆ ನಡಿಗೆ:
ಹೆಲ್ಮೆಟ್ಟಿಲ್ಲ, ಬಾಯಲ್ಲಿ ಗಮ್ಮು,
ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಅವಸರವಿಲ್ಲದೆ
ಬರುತ್ತಿದ್ದನಲ್ಲ, ಟಿಕೆಟ್ಟಿನ ದುಡ್ಡು ಅಲ್ಲಿಗೇ ತೀರಿತು.

ಕೆಮಾರ್‌ಗೆ ಇನ್ನೂ ಮೀಸೆ ಮೂಡುತ್ತಿದೆ. "ಲಾರಾ!" ಎಂದು
ಮೀನಿನ ಪೆಟ್ಟಿಗೆಯ ಹಲಗೆಯೊಂದನ್ನು ಕಿವಿಯ ಮೇಲಕ್ಕೆತ್ತಿ,
ಆ ಎತ್ತುವ ಚೆಂದ ತೋರಿಸಲು ಹೋಗಿ
ನಮ್ಮ ಮೂಲೆಗಿದ್ದ ಒಂದೇ ಬಲ್ಬು ಒಡೆದ.
ಕತ್ತಲಾಯಿತು. ವಾದ ನಿಲ್ಲಲಿಲ್ಲ.

ಹಿಂದೆ ವೆಲ್ಡಾ ಮೀನು ಸೀಳುತ್ತಿದ್ದಳು.
ಹಾರುಮೀನಿನ ಮುಳ್ಳು ಬಿಡಿಸಲು ಅವಳಿಗೆ ದೀಪ ಬೇಡ:
ಬೆನ್ನಗುಂಟ ಒಂದು ಗೀರು, ಮಣಿಕಟ್ಟಿನ ಒಂದು ತಿರುವು,
ಮುಳ್ಳಿನ ಏಣಿ ಇಡಿಯಾಗಿ ಕೈಗೆ.
"ಲೇಟ್ ಕಟ್," ಎಂದ ಕೆಮಾರ್, ಮೆಚ್ಚಿಸಲು.
ಅವಳು ತಲೆಯೆತ್ತಲಿಲ್ಲ.
"ನನ್ನನ್ನು ಕೇಳಿದವರು ಯಾರು? ಕೇಳಿದ್ದರೆ ಹೇಳುತ್ತಿದ್ದೆ."

ಕೇಳಿದೆವು.

ಕೆನ್ಸಿಂಗ್ಟನ್ ಓವಲಿನ ಗೋಡೆಯ ಹೊರಗೆ ಇಪ್ಪತ್ತೆರಡು ವರ್ಷ
ಮೀನು ಹುರಿದು ಮಾರಿದವಳು, ಒಂದು ದಿನವೂ ಒಳಗೆ ಹೋದವಳಲ್ಲ.
"ಬೌಂಡರಿಗೆ ಕೂಗು ಬಾಣಲೆಯ ನೊರೆಯ ಹಾಗೆ ಹರಡುತ್ತದೆ.
ಸಿಕ್ಸರಿಗೆ ಮೇಲಕ್ಕೇಳುತ್ತದೆ, ನಾನೂ ಮೇಲೆ ನೋಡುತ್ತೇನೆ,
ಚೆಂಡು ಎಣ್ಣೆಗೆ ಬಿದ್ದೀತೆಂದು.
ನಮ್ಮವರು ಔಟಾದರೆ ಯಾರೂ ಮೀನು ಕೊಳ್ಳುವುದಿಲ್ಲ.
ಒಂದು ದಿನ ಒಬ್ಬ ಬಂದ. ಅವನು ಹೊಡೆದಾಗ
ಮೊದಲು ಕೂಗೇ ಇಲ್ಲ.
ಇಡೀ ಗೋಡೆ ಉಸಿರು ಒಳಗೆಳೆದುಕೊಂಡ ಹಾಗೆ.
ಎಣ್ಣೆ ಕುದಿಯುವುದು ಕೇಳಿಸಿತು,
ಚರಂಡಿಯಲ್ಲಿ ಕೋಳಿ ಕೆದಕುವುದು ಕೇಳಿಸಿತು.
ಆಮೇಲೆ ಬಂತು, ಕೂಗಲ್ಲ, ನಗು.
ಸಾವಿರಾರು ಜನ ಒಟ್ಟಿಗೆ ನಕ್ಕರು,
ಯಾರೋ ಎಲ್ಲರ ಸಾಲ ತೀರಿಸಿದ ಹಾಗೆ.
ನಾನೂ ನಕ್ಕೆ. ಒಂದು ಬಾಣಲೆ ಮೀನು ಸೀದುಹೋಯಿತು."

"ಯಾರವನು?"
"ಯಾರಿಗೆ ಗೊತ್ತು."
"ಎಷ್ಟು ಹೊಡೆದ?"
"ಹದಿನೇಳು. ಹೊರಗೆ ಬಂದವನೊಬ್ಬ ಬೈಯುತ್ತಾ ಹೇಳಿದ."

ಹದಿನೇಳು! ಗ್ರಾಂಟ್ಲಿಯ ಬಿಲ್ಲೆ ಕೈಯಲ್ಲೇ ನಿಂತಿತು.
ಯಾವ ವರ್ಷ? ನಮ್ಮವನೋ, ಹೊರಗಿನವನೋ? ಎಡಗೈಯೋ?
"ಗೋಡೆಗೆ ಎಡಬಲ ತಿಳಿಯುತ್ತದೇನು?
ದೀವಿಹಲಸಿನ ಕಾಲ. ನನ್ನ ಇಯಾಂಥೆ ಹೊಟ್ಟೆಯಲ್ಲಿದ್ದಳು."

ಮನೆಗೆ ಓಡಿ ಆ ಕಾಲದ ಮೂರು ಪುಸ್ತಕ ತಂದೆ.
ಕಂದೀಲಿಗೆ ತಲೆ ಕೊಟ್ಟು ಹಾಳೆ ತಿರುವಿದೆವು.
ಹದಿನೇಳುಗಳು ಎಷ್ಟೊಂದು!
ನೂರರ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದ ನಾನು
ಇವುಗಳ ಮುಖ ನೋಡಿರಲಿಲ್ಲ.
ಒಂದು ಯಾರೋ ಪರದೇಶಿ ವಿಕೆಟ್‌ಕೀಪರನದು.
ಒಂದರ ಮೇಲೆ ಮಳೆ ಬಿದ್ದು ಆಟವೇ ನಿಂತಿದೆ.
ಇನ್ನೊಂದರಲ್ಲಿ ಚುಕ್ಕೆ, ಚುಕ್ಕೆ, ಚುಕ್ಕೆ,
ಆಮೇಲೆ ಒಂದು ಚೆಂಡಿನ ಜಾಗ ಖಾಲಿ.
ಬರೆಯುವುದನ್ನೇ ಮರೆತಿದ್ದೇನೆ.
ನಾನು, ಮದುವೆಯ ದಿನವೂ ಸ್ಕೋರು ಬರೆದವನು.
ಹೆಸರಿನ ಮೇಲೆ ಚಹಾ ಚೆಲ್ಲಿದೆ.

ಗ್ರಾಂಟ್ಲಿ ಹಾಳೆಯನ್ನು ಮೂಗಿಗೆ ತಾಗಿಸಿ ನೋಡಿದ:
"ಎಸ್ ಕಾಣುತ್ತಿದೆ. ಸೋಬರ್ಸೇ."
"ಕಣ್ಣು ತೊಳೆದುಕೋ, ಅದು ಆರ್," ಡಕೋಸ್ಟ.
ಕೆಮಾರ್ ಎರಡನ್ನೂ ಸೇರಿಸಿ ಎಲ್ ಓದಿದ.

ವೆಲ್ಡಾ ಚಾಕು ಒರೆಸಿ, ಮೀನಿನ ತಲೆಗಳನ್ನು
ಕಾದು ಕೂತ ಬೆಕ್ಕುಗಳಿಗೆ ಎಸೆದು ಎದ್ದಳು.
"ಅದಿರಲಿ. ಬಲ್ಬಿನ ದುಡ್ಡು ಯಾರು ಕೊಡ್ತೀರಿ?"